ಹಳದಿ ಅಂಗಿಯ ಕಾವಲು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರವು ಬಯಲುಸೀಮೆಯ ಒಂದು ಸಣ್ಣ ಗ್ರಾಮ. ಅಮೃತಮಹಲ್ ದನಗಳ ಮೇವಿಗಾಗಿ ಮೀಸಲಾಗಿದ್ದ ವಿಶಾಲವಾದ ಕಾವಲು ಭೂಮಿ ಈ ಊರಿನ ಆಸುಪಾಸಿನಲ್ಲಿ ಹರಡಿತ್ತು; ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಇಂದು ಅಲ್ಲಿಯೇ ಇದೆ. ಮರಗಳು ವಿರಳವಾದ ಈ ಬಯಲಿನಲ್ಲಿ ಆಷಾಢದ ಪಡುವಣ ಗಾಳಿಗೆ ತಡೆಯೆಂಬುದಿಲ್ಲ. ಚಳ್ಳಕೆರೆಯ ಕಡೆಯಿಂದ ಸೈಕಲ್ ತುಳಿದುಕೊಂಡು ಬರುವವನಿಗೆ ಆ ಗಾಳಿ ಎದುರಾಗುತ್ತದೆ. ಇಬ್ಬರು ಜೊತೆಯಾಗಿ ಹೊರಟರೆ ಒಬ್ಬನು ಮುಂದಾಗುತ್ತಾನೆ. ಮತ್ತೊಬ್ಬನು ಅವನ ಹಿಂದಿನ ಗಾಲಿಗೆ ಅಂಟಿಕೊಂಡಂತೆ ಸಾಗುತ್ತಾನೆ. ಹಿಂದಿನವನಿಗೆ ದಾರಿ ಹಗುರ, ಮುಂದಿನವನಿಗೆ ಭಾರ. ಮುಂದಿನವನು ದಣಿದಾಗ ಇಬ್ಬರೂ ಸ್ಥಾನ ಬದಲಿಸಿಕೊಳ್ಳುತ್ತಾರೆ. ಜಗತ್ತಿನ ಅತಿ ದೊಡ್ಡ ಸೈಕಲ್ ಪಂದ್ಯಗಳ ತಂತ್ರವು ಈ ಸರಳವಾದ ಅನುಭವದ ಮೇಲೆಯೇ ನಿಂತಿದೆ.

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವ ಸವಾರನ ಮುಖ್ಯ ಶತ್ರು ಗಾಳಿಯೇ. ಅವನ ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಇನ್ನೊಬ್ಬನ ಬೆನ್ನಿನ ಮರೆಯಲ್ಲಿ ಸಾಗಿದರೆ ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿಯುತ್ತದೆ. ದಿನಕ್ಕೆ ನಾಲ್ಕೈದು ಗಂಟೆಗಳಂತೆ ಮೂರು ವಾರ ತುಳಿಯುವವನಿಗೆ ಈ ಉಳಿತಾಯವು ಸೋಲು ಗೆಲುವುಗಳನ್ನು ನಿರ್ಧರಿಸಬಲ್ಲುದು.

ಇಂತಹ ಪಂದ್ಯಗಳಲ್ಲಿ ಪ್ರಸಿದ್ಧವಾದುದು 1903ರಲ್ಲಿ ಆರಂಭವಾದ ‘ಟೂರ್ ದ ಫ್ರಾನ್ಸ್’. ಇಂದು ಅದರಲ್ಲಿ 21 ಹಂತಗಳಿವೆ. ಕ್ರಮಿಸಬೇಕಾದ ದೂರ ಸುಮಾರು 3,400 ಕಿಲೋಮೀಟರ್. ಪ್ರತಿ ಹಂತದಲ್ಲಿ ಸವಾರನು ತೆಗೆದುಕೊಂಡ ಕಾಲವನ್ನು ಕೂಡಿಸುತ್ತ ಹೋಗುತ್ತಾರೆ. ಒಟ್ಟು ಕಾಲ ಯಾರದು ಅತಿ ಕಡಿಮೆಯೋ ಅವನೇ ಅಗ್ರಗಣ್ಯ. ಅವನು ಎಲ್ಲರ ಕಣ್ಣಿಗೂ ಬೀಳಲೆಂದು 1919ರಿಂದ ಹಳದಿ ಅಂಗಿಯನ್ನು ತೊಡಿಸುವ ಪದ್ಧತಿ ಬಂದಿತು. ಅಂಗಿ ಒಬ್ಬನ ಮೈಮೇಲಿದ್ದರೂ ಅದನ್ನು ಕಾಯುವುದು ಒಬ್ಬನ ಕೆಲಸವಲ್ಲ. 2018ರಿಂದ ಪ್ರತಿ ತಂಡದಲ್ಲಿ ಎಂಟು ಮಂದಿ ಇರುತ್ತಾರೆ. ನಾಯಕನನ್ನು ಬಿಟ್ಟರೆ ಉಳಿದ ಏಳು ಮಂದಿಯೂ ಕಾವಲುಗಾರರೇ.

ಈ ಕಾವಲಿನ ಮೊದಲ ಸೂತ್ರವು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ನಾಯಕನು ಪ್ರತಿದಿನವೂ ಗೆಲ್ಲಬೇಕಾಗಿಲ್ಲ. ಅಪಾಯಕಾರಿಗಳಾದ ಎದುರಾಳಿಗಳಿಗೆ ಕಾಲವನ್ನು ಬಿಟ್ಟುಕೊಡದಿದ್ದರೆ ಸಾಕು. ಆದುದರಿಂದ ಬೆಳಗ್ಗೆ ಕೆಲವರು ಗುಂಪಿನಿಂದ ಸಿಡಿದು ಮುಂದೆ ಓಡಿದರೆ ಅವನ ತಂಡವು ಗಾಬರಿಗೊಳ್ಳುವುದಿಲ್ಲ. ಓಡಿದವರು ಯಾರು, ಒಟ್ಟು ಲೆಕ್ಕದಲ್ಲಿ ಅವರು ಎಷ್ಟು ಹಿಂದಿದ್ದಾರೆ ಎಂಬುದನ್ನು ಮೊದಲು ನೋಡುತ್ತದೆ. ಅರ್ಧ ಗಂಟೆ ಹಿಂದಿರುವವರು ಐದು ನಿಮಿಷ ಮುಂದೆ ಹೋದರೆ ಅಂಗಿಗೆ ಕುಂದಿಲ್ಲ. ಕಾವಲುಗಾರರು ಗುಂಪಿನ ಮುಂದೆ ನಿಂತು, ಸರದಿಯಂತೆ ಗಾಳಿಗೆ ಎದೆಯೊಡ್ಡಿ, ಆ ಅಂತರವನ್ನು ಹದ್ದುಬಸ್ತಿನಲ್ಲಿಡುತ್ತಾರೆ.

ಲೆಕ್ಕ ತಪ್ಪಿದರೆ ಬೆಲೆ ದೊಡ್ಡದು. 2006ರಲ್ಲಿ ಅಂಗಿ ಫ್ಲಾಯ್ಡ್ ಲ್ಯಾಂಡಿಸ್‌ನದಾಗಿತ್ತು. 13ನೆಯ ಹಂತದಲ್ಲಿ ಆಸ್ಕರ್ ಪೆರೇರೊ ಮೊದಲಾದ ಐವರು ಮುಂದೋಡಿದಾಗ ಅವನ ತಂಡ ಬೆನ್ನಟ್ಟಲಿಲ್ಲ. ಕಾವಲಿನ ಹೊರೆ ಕೆಲವು ದಿನ ಬೇರೆಯವರ ಮೇಲೆ ಬೀಳಲಿ ಎಂಬುದು ಅದರ ಎಣಿಕೆ. ಪೆರೇರೊ ಸುಮಾರು 30 ನಿಮಿಷಗಳನ್ನು ಗಳಿಸಿ ಅಂಗಿ ತೊಟ್ಟನು. ಲ್ಯಾಂಡಿಸ್ ಅದನ್ನು ಮತ್ತೆ ಪಡೆದನಾದರೂ, ನಿಷೇಧಿತ ಮದ್ದಿನ ಸೇವನೆಗಾಗಿ ಅವನ ಗೆಲುವು ರದ್ದಾಯಿತು. ಪೆರೇರೊ ವಿಜೇತನೆಂದು ಘೋಷಿತನಾದನು.

ಪಕ್ಕದಿಂದ ಬೀಸುವ ಗಾಳಿ ಎದುರುಗಾಳಿಗಿಂತಲೂ ಕಠಿಣ. ಆಗ ಮರೆಯು ನೇರ ಹಿಂದೆ ದೊರೆಯದೆ ಓರೆಯಾಗಿ ದೊರೆಯುತ್ತದೆ. ಸವಾರರು ರಸ್ತೆಯ ಅಗಲಕ್ಕೆ ಓರೆಸಾಲಾಗಿ ನಿಲ್ಲುತ್ತಾರೆ. ರಸ್ತೆ ತುಂಬಿದ ಮೇಲೆ ಉಳಿದವರಿಗೆ ಮರೆಯೇ ಇಲ್ಲ. 2013ರ 13ನೆಯ ಹಂತದಲ್ಲಿ ಹೀಗೆಯೇ ಗುಂಪು ಒಡೆಯಿತು. ಎರಡನೆಯ ಸ್ಥಾನದಲ್ಲಿದ್ದ ವಾಲ್ವೆರ್ದೆ ಗಾಲಿ ಕೆಟ್ಟು ಹಿಂದುಳಿದು ಸುಮಾರು ಹತ್ತು ನಿಮಿಷ ಕಳೆದುಕೊಂಡನು. ಅನಂತರ ಕೊಂತಾದೋರ್‌ನ ತಂಡವು ಒಮ್ಮೆಲೆ ವೇಗ ಹೆಚ್ಚಿಸಿತು. ಹಳದಿ ಅಂಗಿಯ ಕ್ರಿಸ್ ಫ್ರೂಮ್ ಹಿಂದಿನ ಸಾಲಿಗೆ ಸಿಲುಕಿ 1 ನಿಮಿಷ 9 ಸೆಕೆಂಡು ತೆತ್ತನು. ಆದರೂ ಅಂಗಿ ಉಳಿಯಿತು.

ಬೆಟ್ಟದ ಏರಿನಲ್ಲಿ ವೇಗ ತಗ್ಗುವುದರಿಂದ ಮರೆಯ ಪ್ರಯೋಜನವೂ ತಗ್ಗುತ್ತದೆ. ಅಲ್ಲಿ ಕಾವಲುಗಾರರು ಒಬ್ಬರಾದ ಮೇಲೊಬ್ಬರಂತೆ ಬಿರುಸಾದ, ಏಕಪ್ರಕಾರವಾದ ವೇಗದಲ್ಲಿ ತುಳಿದು, ಎದುರಾಳಿಗಳಿಗೆ ಮುನ್ನುಗ್ಗುವ ಉಸಿರೇ ಉಳಿಯದಂತೆ ಮಾಡುತ್ತಾರೆ. ಶಕ್ತಿ ತೀರಿದವನು ಬದಿಗೆ ಸರಿದು ಹಿಂದುಳಿಯುತ್ತಾನೆ. ಅಂದಿನ ಅವನ ಕೆಲಸ ಅಲ್ಲಿಗೆ ಮುಗಿಯಿತು. ಹಿಂದೆ ಬರುವ ಕಾರಿನಿಂದ ನೀರು, ಆಹಾರಗಳನ್ನು ತಂದುಕೊಡುವುದೂ ಇಂಥವರ ಪಾಲಿನದೇ.

ಈ ನೆರವನ್ನು ಎಲ್ಲರೂ ಮೆಚ್ಚಿರಲಿಲ್ಲ. ಪಂದ್ಯದ ಸ್ಥಾಪಕರಾದ ಆಂರಿ ದೆಗ್ರಾಂಜ್ ಅವರಿಗೆ ಅದು ಒಂಟಿ ಸವಾರನ ಸತ್ವಪರೀಕ್ಷೆಯಾಗಿರಬೇಕೆಂಬ ಹಟವಿತ್ತು. 1911ರಲ್ಲಿ ಬೇರೊಬ್ಬ ಸವಾರನಿಗೆ ನೆರವಾದ ಮೋರಿಸ್ ಬ್ರೊಕ್ಕೊನನ್ನು ಅವರು ‘ಮನೆಯಾಳು’ ಎಂದು ಹೀಯಾಳಿಸಿದರು. ಕಾಲಾಂತರದಲ್ಲಿ ಆ ಹೀಯಾಳಿಕೆಯ ಮಾತೇ ಸಹಾಯಕ ಸವಾರರ ವೃತ್ತಿನಾಮವಾಗಿ ನಿಂತಿತು.

ಈ ವೃತ್ತಿಯ ಭಾರವೆಷ್ಟೆಂಬುದಕ್ಕೆ 1934ರ ಪಂದ್ಯವೇ ಸಾಕ್ಷಿ. ಫ್ರಾನ್ಸ್ ತಂಡದ ರೆನೆ ವಿಯೆತ್ತೊ ಆಗ 20 ವರ್ಷದ ತರುಣ. ಬೆಟ್ಟ ಏರುವುದರಲ್ಲಿ ಅವನಿಗೆ ಸಮನಿಲ್ಲ. ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಹಳದಿ ಅಂಗಿ ತೊಟ್ಟಿದ್ದ ನಾಯಕ ಆಂತೊನಾಂ ಮಾಞ್ ಬಿದ್ದು, ಅವನ ಗಾಲಿ ಮುರಿಯಿತು. ವಿಯೆತ್ತೊ ತನ್ನ ಮುಂದಿನ ಗಾಲಿಯನ್ನು ಬಿಚ್ಚಿಕೊಟ್ಟು, ಬೇರೆ ಗಾಲಿಗಾಗಿ ಕಾಯುತ್ತ ಮೋಟುಗೋಡೆಯ ಮೇಲೆ ಕುಳಿತು ಅತ್ತನು. ಮರುದಿನ ಮುಂದೆ ಹೋಗಿದ್ದವನು ನಾಯಕನ ಸೈಕಲ್ ಕೆಟ್ಟಿತೆಂದು ತಿಳಿದು, ಹಿಂತಿರುಗಿ ಬೆಟ್ಟವೇರಿ ಬಂದು, ತನ್ನ ಸೈಕಲ್ಲನ್ನೇ ಒಪ್ಪಿಸಿದನು. ಮಾಞ್ ಪಂದ್ಯ ಗೆದ್ದನು, ವಿಯೆತ್ತೊ ಐದನೆಯವನಾದನು. 1939ರಲ್ಲಿಯೂ 1947ರಲ್ಲಿಯೂ ಅವನು ಹಳದಿ ಅಂಗಿಯನ್ನು ಹಲವು ದಿನ ತೊಟ್ಟನು. ಆದರೆ ಪಂದ್ಯವನ್ನು ಗೆಲ್ಲುವ ಭಾಗ್ಯ ಅವನಿಗೆ ಕೊನೆಗೂ ಒದಗಲಿಲ್ಲ.

ಗೆದ್ದವನು ಬಹುಮಾನದ ಹಣವನ್ನು ತನ್ನ ತಂಡದವರೊಡನೆ ಹಂಚಿಕೊಳ್ಳುವುದು ಈ ಪಂದ್ಯದ ಹಳೆಯ ಸಂಪ್ರದಾಯ. ಹಣವನ್ನು ಹಂಚಬಹುದು, ಹಳದಿ ಅಂಗಿಯನ್ನು ಹಂಚಲಾಗದು. ಅದನ್ನು ಬಲ್ಲವರೇ ಏಳು ಮಂದಿ ಮರುದಿನ ಮತ್ತೆ ಗಾಳಿಗೆ ಎದುರಾಗಿ ಹೊರಡುತ್ತಾರೆ.