ಐಟಿಐಯ ವೆಲ್ಡರ್ ತರಗತಿ: ಬೆಳಕಿನೊಳಗೆ ನೋಡುವ ಕಲಿಕೆ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐಟಿಐಗಳಲ್ಲಿ, ವೆಲ್ಡರ್ ಟ್ರೇಡ್ ಒಂದು ವರ್ಷದ ಕೋರ್ಸು. ಎಂಟನೇ ತರಗತಿ ಪಾಸಾದವರು ಸೇರಬಹುದು. ಎಸ್ಸೆಸ್ಸೆಲ್ಸಿ ದಾಟಲಾಗದವರಿಗೂ ಬಾಗಿಲು ಮುಚ್ಚದ ಟ್ರೇಡುಗಳಲ್ಲಿ ಇದೊಂದು. 1950ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಡಿ ನಡೆಯುವುದರಿಂದ ಬೀದರಿನಲ್ಲಿ ಕಲಿತರೂ ಮಂಗಳೂರಿನಲ್ಲಿ ಕಲಿತರೂ ಪಠ್ಯಕ್ರಮ ಒಂದೇ. ಪಾಠ ಕಡಿಮೆ, ವರ್ಕ್‌ಶಾಪ್ ಹೆಚ್ಚು. ಕಲಿಸುವವರು ದಾಖಲೆಯಲ್ಲಿ ಕಿರಿಯ ತರಬೇತಿ ಅಧಿಕಾರಿ, ವರ್ಕ್‌ಶಾಪಿನೊಳಗೆ ಬರೀ ‘ಸರ್’.

ವೆಲ್ಡಿಂಗ್ ಕಲಿಯಲು ಬಂದವರ ಕೈಗೆ ಮೊದಲು ಸಿಗುವುದು ಹ್ಯಾಕ್‌ಸಾ ಮತ್ತು ಅರ. ಪ್ಲೇಟು ಅಳೆದು, ಗುರುತು ಹಾಕಿ, ಕೊಯ್ದು, ಅಂಚನ್ನು ನೇರಕ್ಕೆ ಉಜ್ಜಬೇಕು. ಬೇಸರ ತರುವ ಕೆಲಸವೇ ಹೌದು, ಆದರೆ ಸುಮ್ಮನೆ ಕೊಟ್ಟದ್ದಲ್ಲ. ಎರಡು ಅಂಚುಗಳ ನಡುವಿನ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದರೆ ಮುಂದೆ ಎಂಥ ಕೈಚಳಕವೂ ಅದನ್ನು ಸರಿಪಡಿಸದು. ತುಕ್ಕು, ಎಣ್ಣೆ, ಬಣ್ಣ ಉಳಿದಿದ್ದರೆ ಅವು ಉರಿದು ಹುಟ್ಟುವ ಅನಿಲ ಬೆಸುಗೆಯೊಳಗೆ ಸಣ್ಣ ತೂತುಗಳಾಗಿ ನಿಲ್ಲುತ್ತದೆ.

ಆಮೇಲೆ ಆರ್ಕ್. ಮಷಿನ್ನಿನಿಂದ ಹೊರಟ ಒಂದು ಕೇಬಲ್ ಹೋಲ್ಡರಿಗೆ, ಇನ್ನೊಂದು ಅರ್ತ್ ಕ್ಲ್ಯಾಂಪಿನ ಮೂಲಕ ‘ಜಾಬ್’ಗೆ. ಬೆಸೆಯಬೇಕಾದ ತುಂಡನ್ನು ವರ್ಕ್‌ಶಾಪಿನಲ್ಲಿ ಕರೆಯುವುದು ಹಾಗೆಯೇ. ಹೋಲ್ಡರಿನಲ್ಲಿ ಸಿಕ್ಕಿಸಿದ ರಾಡಿನ ತುದಿಯನ್ನು ಜಾಬಿಗೆ ಗೀರಿ ಅಥವಾ ತಟ್ಟಿ ತಕ್ಷಣ ತುಸು ಮೇಲೆತ್ತಿದರೆ ಸಂದಿಯಲ್ಲಿ ವಿದ್ಯುತ್ ಹಾರಿ ಆರ್ಕ್ ಹತ್ತುತ್ತದೆ. ಎತ್ತುವುದು ತಡವಾದರೆ ರಾಡ್ ಅಂಟಿಕೊಳ್ಳುತ್ತದೆ, ಹೆಚ್ಚು ಎತ್ತಿದರೆ ಆರ್ಕ್ ಆರುತ್ತದೆ. ಹೊಸಬರ ರಾಡ್ ಅಂಟದೇ ಇರುವುದಿಲ್ಲ. ಕೈ ತಿರುಚಿ ಕಿತ್ತುಕೊಳ್ಳುವುದು, ಆಗದಿದ್ದರೆ ಹೋಲ್ಡರಿನ ಹಿಡಿಕೆ ಒತ್ತಿ ರಾಡನ್ನೇ ಬಿಟ್ಟುಬಿಡುವುದು ಮೊದಲ ದಿನದ ಪಾಠ.

ರಾಡಿನ ಮೇಲಿನ ಫ್ಲಕ್ಸ್ ಲೇಪ ಅಲಂಕಾರವಲ್ಲ. ಅದು ಉರಿದು ಬರುವ ಅನಿಲ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ, ಕರಗಿದ ಭಾಗ ಸ್ಲ್ಯಾಗ್ ಆಗಿ ಮೇಲೆ ಹೆಪ್ಪುಗಟ್ಟುತ್ತದೆ. ಚಿಪ್ಪಿಂಗ್ ಸುತ್ತಿಗೆಯಿಂದ ಬಡಿದು, ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲಷ್ಟೇ ಬೆಸುಗೆ ಕಾಣುವುದು. ಹಿಂದಿನ ಸಾಲಿನ ಸ್ಲ್ಯಾಗ್ ತೆಗೆಯದೆ ಮೇಲೊಂದು ಸಾಲು ಹಾಕಿದರೆ ಅದು ಒಳಗೇ ಹೂತುಹೋಗಿ, ಜೋಡಣೆ ಅಲ್ಲಿಂದಲೇ ಮುರಿಯುತ್ತದೆ.

ಕಲಿಕೆಯ ತಿರುಳಿರುವುದು ನೋಟದಲ್ಲಿ. ಕಪ್ಪು ಗ್ಲಾಸಿನ ಹಿಂದೆ ಹೊಸಬರಿಗೆ ಕಾಣುವುದು ಉರಿಯುವ ಬಿಳಿ ಬೆಳಕು ಮಾತ್ರ. ನೋಡಬೇಕಾದದ್ದು ಅದರ ಬುಡದಲ್ಲಿ ಕರಗಿ ನಿಂತ ಲೋಹದ ಪುಟ್ಟ ಹೊಂಡವನ್ನು. ಹೊಂಡ ಎರಡೂ ಅಂಚನ್ನು ಮುಟ್ಟುತ್ತಿದೆಯೇ, ಹಿಂದಿನಿಂದ ಸ್ಲ್ಯಾಗ್ ನುಗ್ಗಿ ಬರುತ್ತಿದೆಯೇ ಎಂದು ತಿಳಿಯತೊಡಗಿದಾಗ ಕೈಯೂ ತಾನಾಗಿ ಹದಕ್ಕೆ ಬರುತ್ತದೆ. 3.15 ಮಿ.ಮೀ. ರಾಡಿಗೆ ಸುಮಾರು 90ರಿಂದ 120 ಆಂಪಿಯರ್ ಕರೆಂಟು, ರಾಡಿನ ದಪ್ಪದಷ್ಟೇ ಆರ್ಕಿನ ಉದ್ದ, ಸಾಗುವ ದಿಕ್ಕಿಗೆ 70ರಿಂದ 80 ಡಿಗ್ರಿ ಕೋನ ಎಂದು ಪುಸ್ತಕ ಹೇಳುತ್ತದೆ. ರಾಡ್ ಉರಿದು ಕ್ಷಣಕ್ಷಣಕ್ಕೂ ಗಿಡ್ಡವಾಗುವುದರಿಂದ ಕೈ ಮುಂದೆ ಸಾಗುತ್ತಲೇ ಕೆಳಗೂ ಇಳಿಯಬೇಕು ಎಂಬುದು ಮಾತ್ರ ಪ್ಲೇಟುಗಟ್ಟಲೆ ಬೀಡ್ (ಬೆಸುಗೆಯ ಸಾಲು) ಹಾಕಿದ ಮೇಲೆಯೇ ಮೈಗೂಡುವುದು. ಕಿವಿಯೂ ನೆರವಾಗುತ್ತದೆ: ಹದವಾದ ಆರ್ಕ್ ಕಾದ ಎಣ್ಣೆಗೆ ಹಪ್ಪಳ ಬಿಟ್ಟಂತೆ ಒಂದೇ ಸಮ ಚರಗುಟ್ಟುತ್ತದೆ, ಉದ್ದವಾದರೆ ಸದ್ದು ಒಡೆದು ಕಿಡಿ ಎರಚುತ್ತದೆ.

ನೇರ ಬೀಡ್ ಬಂದ ಮೇಲೆ ಒಂದರ ಮೇಲೊಂದು ಹೇರಿದ ಲ್ಯಾಪ್, T ಆಕಾರದ ಟೀ, ಅಂಚಿಗೆ ಅಂಚು ತಾಗಿಸಿದ ಬಟ್ ಜಾಯಿಂಟುಗಳು. ಮೊದಲು ಮೇಜಿನ ಮೇಲೆ ಮಲಗಿಸಿ, ನಂತರ ಅಡ್ಡಕ್ಕೆ, ನಿಲುವಿಗೆ, ಕೊನೆಗೆ ತಲೆಯ ಮೇಲೆ. ತಲೆಯ ಮೇಲಿನ ಬೆಸುಗೆಯಲ್ಲಿ ಹೊಂಡ ದೊಡ್ಡದಾದರೆ ಲೋಹ ಕೆಳಗೆ ತೊಟ್ಟಿಕ್ಕುತ್ತದೆ, ಹಾಗಾಗಿ ಆರ್ಕನ್ನು ಗಿಡ್ಡವಾಗಿಯೇ ಹಿಡಿಯಬೇಕು.

ಗ್ಯಾಸ್ ವೆಲ್ಡಿಂಗಿನ ಶಿಸ್ತೇ ಬೇರೆ. ಕಪ್ಪು ಸಿಲಿಂಡರ್ ಆಕ್ಸಿಜನ್ನಿನದು, ಕಡುಗೆಂಪಿನದು ಅಸಿಟಿಲಿನ್‌ನದು. ಅದಲುಬದಲಾಗದಿರಲೆಂದೇ ಅಸಿಟಿಲಿನ್ ಜೋಡಣೆಗೆ ಎಡಮರೆ (ಎಡಕ್ಕೆ ತಿರುಗಿಸಿ ಬಿಗಿಯುವ ತಿರುಪು) ಇಡಲಾಗಿದೆ. ಆಕ್ಸಿಜನ್ ವಾಲ್ವಿಗೆ ಎಣ್ಣೆಗೈ ತಾಗಿಸುವಂತಿಲ್ಲ. ಅಸಿಟಿಲಿನ್ ಅಸಿಟೋನ್‌ನಲ್ಲಿ ಕರಗಿರುವುದರಿಂದ ಸಿಲಿಂಡರ್ ಮಲಗಿಸುವಂತಿಲ್ಲ. ಮಿಗ್, ಟಿಗ್ ಎಂಬ ಇನ್ನೆರಡು ವೆಲ್ಡಿಂಗ್ ವಿಧಾನಗಳ ಪರಿಚಯವೂ ಅದೇ ವರ್ಷದೊಳಗೆ ಆಗುತ್ತದೆ.

ರಸ್ತೆಬದಿಯ ಗ್ರಿಲ್ ಅಂಗಡಿಯಲ್ಲಿ ತಂಪು ಕನ್ನಡಕ ಹಾಕಿಕೊಂಡು, ಕೆಲವೊಮ್ಮೆ ಮುಖ ತಿರುಗಿಸಿಕೊಂಡು ವೆಲ್ಡಿಂಗ್ ಮಾಡುವವರನ್ನು ನೋಡಿ ಬಂದವರಿಗೆ ತರಗತಿಯ ಕಟ್ಟುನಿಟ್ಟು ಅತಿ ಎನಿಸಬಹುದು. ಅತಿಯಲ್ಲ. ಆರ್ಕಿನ ಅತಿನೇರಳೆ ಕಿರಣ ತಾಗಿದ ಕಣ್ಣು ಆ ಹೊತ್ತಿಗೆ ಏನೂ ಹೇಳುವುದಿಲ್ಲ. ಗಂಟೆಗಳ ನಂತರ ಕೆಂಪಾಗಿ, ಚುಚ್ಚಿ, ನಿದ್ದೆಗೆಡಿಸುತ್ತದೆ. ಆರ್ಕಿಗೆ 10 ಅಥವಾ 11ನೇ ನಂಬರಿನ ಗ್ಲಾಸು, ಚರ್ಮದ ಕೈಗವಸು, ಹತ್ತಿ ಬಟ್ಟೆ ಬೇಕು. ನೈಲಾನ್ ಕರಗಿ ಮೈಗೆ ಅಂಟುತ್ತದೆ. ಸತು ಲೇಪಿಸಿದ ಜಿಐ ಪೈಪ್ ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಜಾಬಿನ ಅಂದ ನೋಡಿ ಅಂಕ ಕೊಟ್ಟರೆ ಸಾಲದು. ಬೆಸುಗೆಯಲ್ಲಿ ಗೀಟು ಕೊಯ್ದು ಬಡಿದು ಮುರಿದಾಗ, ಇಲ್ಲವೇ ಬಗ್ಗಿಸಿದಾಗ, ಒಳಗಿನ ತೂತು, ಸ್ಲ್ಯಾಗ್, ಬೆಸೆಯದ ಬುಡ ಎಲ್ಲವೂ ಹೊರಬೀಳುತ್ತವೆ. ವರ್ಷದ ಕೊನೆಯ ಅಖಿಲ ಭಾರತ ಪರೀಕ್ಷೆಯಲ್ಲಿ ಪಾಸಾದವರಿಗೆ ರಾಷ್ಟ್ರೀಯ ಪ್ರಮಾಣಪತ್ರ ಸಿಗುತ್ತದೆ. ಅಲ್ಲಿಂದ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಫ್ಯಾಬ್ರಿಕೇಷನ್ ಘಟಕಗಳಿಗೋ, 1961ರ ಕಾಯ್ದೆಯಡಿಯ ಅಪ್ರೆಂಟಿಸ್‌ಶಿಪ್‌ಗೋ ಹೋಗಬಹುದು. ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಬಾಯ್ಲರ್ ಪೈಪುಗಳಿಗೆ ಕೈ ಹಾಕಲು ಈ ಪ್ರಮಾಣಪತ್ರ ಸಾಲದು. ಭಾರತೀಯ ಬಾಯ್ಲರ್ ನಿಯಮಗಳಡಿ ಬೇರೆಯೇ ಅರ್ಹತಾ ಪರೀಕ್ಷೆ ಪಾಸಾಗಬೇಕು. ಇನ್ನೂ ಮೇಲಿನ ಮಟ್ಟದ ತರಬೇತಿಗೆ ತಿರುಚಿರಾಪಳ್ಳಿಯ ಬಿಎಚ್‌ಇಎಲ್‌ನಲ್ಲಿ 1975ರಲ್ಲಿ ಸ್ಥಾಪನೆಯಾದ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಿದೆ.