ಬಿಚ್ಚುತ್ತಲೇ ಕಟ್ಟುವ ಜೀವಕೋಶ

ವಯಸ್ಕರೊಬ್ಬರಿಗೆ ದಿನದ ಊಟದಲ್ಲಿ ಸಿಗುವ ಪ್ರೊಟೀನ್ ಸುಮಾರು 70 ಗ್ರಾಂ. ಅದೇ ದಿನ ಅವರ ದೇಹ ಹೊಸದಾಗಿ ತಯಾರಿಸುವುದು 200ರಿಂದ 300 ಗ್ರಾಂ. ಮಿಕ್ಕ ಸರಕು ಎಲ್ಲಿಂದ ಬಂತು? ದೇಹದೊಳಗಿಂದಲೇ. ಹಳೆ ಮನೆ ಬಿಚ್ಚುವಾಗ ತೊಲೆ, ಜಂತೆ, ಹೆಂಚುಗಳನ್ನು ಜೋಪಾನವಾಗಿ ಇಳಿಸಿಟ್ಟು ಹೊಸ ಮನೆಗೆ ಬಳಸುತ್ತಾರಲ್ಲ, ಹಾಗೆಯೇ ಜೀವಕೋಶ ತನ್ನ ಸವೆದ ಪ್ರೊಟೀನುಗಳನ್ನು ಅಮೈನೊ ಆಮ್ಲಗಳಾಗಿ ಬಿಡಿಸಿ ಮತ್ತೆ ಪೋಣಿಸುತ್ತದೆ.

ಈ ಬಿಡಿಸುವ ಕೆಲಸ ನಡೆಯುವ ಒಂದು ಮುಖ್ಯ ಜಾಗ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. 1949ರ ಹೊತ್ತಿಗೆ ಬೆಲ್ಜಿಯಂನ ಲೂವೆನ್‌ನಲ್ಲಿ ಕ್ರಿಸ್ಟಿಯನ್ ಡಿ ಡುವ್ ಯಕೃತ್ತಿನ ಮೇಲೆ ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಹೊರಟಿದ್ದರು. ಇಲಿಯ ಯಕೃತ್ತನ್ನು ಮೆಲ್ಲಗೆ ಅರೆದು, ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆದರೆ ಇರಬೇಕಾದ್ದರ ಹತ್ತನೇ ಒಂದು ಪಾಲಷ್ಟೇ ಕಂಡಿತು. ಮಾದರಿಯನ್ನು ಚೆಲ್ಲದೆ ಫ್ರಿಜ್ಜಿನಲ್ಲಿಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಕಿಣ್ವದ ಚಟುವಟಿಕೆ ಏರಿತ್ತು! ಪೊರೆಯ ಚೀಲದೊಳಗೆ ಅಡಗಿದ್ದ ಕಿಣ್ವ, ಚೀಲ ಸಡಿಲವಾದಂತೆ ಹೊರಬಂದಿತ್ತು. ಆ ಚೀಲಕ್ಕೆ 1955ರಲ್ಲಿ ಲೈಸೋಸೋಮ್ ಎಂದು ಹೆಸರಾಯಿತು. ಕೋಶ ತನ್ನದೇ ಭಾಗಗಳನ್ನು ಅದರೊಳಗೆ ಜೀರ್ಣಿಸಿಕೊಳ್ಳುವ ಕ್ರಿಯೆಯನ್ನು 1963ರಲ್ಲಿ ಅವರೇ ಆಟೋಫೇಜಿ ಎಂದು ಕರೆದರು. ಚೆಲ್ಲಬಹುದಾಗಿದ್ದ ಆ ಮಾದರಿ ಜೀವವಿಜ್ಞಾನದ ಒಂದು ಶಾಖೆಯನ್ನೇ ಹುಟ್ಟಿಸಿತು.

ಮುಂದಿನ ದೊಡ್ಡ ಹೆಜ್ಜೆ ಜಪಾನಿನದು. ಯೋಶಿನೋರಿ ಒಸುಮಿ 1993ರಲ್ಲಿ ಯೀಸ್ಟ್‌ನಲ್ಲಿ ಈ ಕ್ರಿಯೆಗೆ ಬೇಕಾದ 15 ಜೀನ್‌ಗಳನ್ನು ಗುರುತಿಸಿದರು. 2016ರಲ್ಲಿ ನೊಬೆಲ್ ಬಂತು. ಅವರ ಜೊತೆ ಕೆಲಸ ಮಾಡಿದ್ದ ನೊಬೊರು ಮಿಜುಶಿಮಾ ಮತ್ತು ಸಂಗಡಿಗರು 2004ರಲ್ಲಿ ಸಸ್ತನಿಯಲ್ಲೇ ಪರೀಕ್ಷೆ ನಡೆಸಿದರು. ಆಟೋಫೇಜಿಗೆ ಬೇಕಾದ ಒಂದು ಜೀನ್ ಇಲ್ಲದ ಇಲಿಮರಿಗಳು ಹುಟ್ಟಿದ ಒಂದು ದಿನದೊಳಗೆ ಸತ್ತವು. ಹೊಕ್ಕುಳಬಳ್ಳಿಯ ಪೋಷಣೆ ನಿಂತು ತಾಯಿಹಾಲು ಸಿಗುವ ನಡುವಿನ ಆ ಕೆಲವೇ ಗಂಟೆಗಳಲ್ಲಿ ಮರಿಯ ಅಂಗಾಂಶಗಳು ತಮ್ಮನ್ನೇ ಬಿಡಿಸಿಕೊಂಡು ಅಮೈನೊ ಆಮ್ಲ ಒದಗಿಸಬೇಕು. ಈ ಮರಿಗಳಲ್ಲಿ ಅದರ ಮಟ್ಟವೇ ಕುಸಿದಿತ್ತು. ಹುಟ್ಟಿದ ಪ್ರತಿ ಮರಿಯೂ ಇಂಥದೊಂದು ಹಸಿವನ್ನು ದಾಟಿ ಬರುತ್ತದೆ ಎನ್ನುವುದು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ಹಾಗಾದರೆ ಯಾವಾಗ ಕಟ್ಟಬೇಕು, ಯಾವಾಗ ಬಿಚ್ಚಬೇಕು? ಇದನ್ನು ತೀರ್ಮಾನಿಸುವ ಪ್ರೊಟೀನುಗಳಲ್ಲಿ ಮುಖ್ಯವಾದದ್ದು ಎಂಟಾರ್. ಅಮೈನೊ ಆಮ್ಲ ಸಾಕಷ್ಟಿದ್ದಾಗ ಅದು ಲೈಸೋಸೋಮಿನ ಮೈಮೇಲೇ ಕುಳಿತು ಪ್ರೊಟೀನ್ ತಯಾರಿಕೆಯನ್ನು ಚುರುಕುಗೊಳಿಸುತ್ತದೆ, ಆಟೋಫೇಜಿಯನ್ನು ತಡೆಯುತ್ತದೆ. ಕೊರತೆಯಾದರೆ ಎಂಟಾರ್ ಸುಮ್ಮನಾಗುತ್ತದೆ, ಬಿಚ್ಚುವ ಕೆಲಸ ಶುರುವಾಗುತ್ತದೆ. ಹಾಗೆ ಬಿಡುಗಡೆಯಾದ ಅಮೈನೊ ಆಮ್ಲವೇ ಎಂಟಾರನ್ನು ಮತ್ತೆ ಎಬ್ಬಿಸುತ್ತದೆ ಎಂಬುದು 2010ರಲ್ಲಿ ತಿಳಿಯಿತು. ಅಂದರೆ ಮರುಬಳಕೆಯಿಂದ ಕೋಶಕ್ಕೆ ಕಚ್ಚಾವಸ್ತು ಸಿಗುವುದಷ್ಟೇ ಅಲ್ಲ, ಕೆಲಸ ಆರಂಭಿಸುವ ಅಪ್ಪಣೆಯೂ ಸಿಗುತ್ತದೆ.

ಔಷಧ ಕಾರ್ಖಾನೆಗಳಿಗೆ ಕಟ್ಟುವ, ಬಿಚ್ಚುವ ಈ ಲೆಕ್ಕ ಹಣದ ಪ್ರಶ್ನೆಯೂ ಹೌದು. ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಟಿಪಿಎ ಪ್ರೊಟೀನನ್ನು 1987ರಿಂದಲೂ ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಲ್ಲಿ ತಯಾರಿಸುತ್ತಾರೆ. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಬರುವುದೂ ಇದೇ ಕೋಶಗಳಿಂದ. ಬೆಂಗಳೂರಿನ ಬಯೋಕಾನ್ ತನ್ನ ಆವೃತ್ತಿಯನ್ನು ಭಾರತದಲ್ಲಿ 2014ರಲ್ಲಿ ಮಾರುಕಟ್ಟೆಗೆ ತಂದಿತು. ಈ ಕೋಶಗಳನ್ನು ಬೆಳೆಸುವ ತೊಟ್ಟಿಯಲ್ಲಿ ದಿನ ಕಳೆದಂತೆ ಗ್ಲುಟಮಿನ್ ಎಂಬ ಅಮೈನೊ ಆಮ್ಲ ಮುಗಿಯುತ್ತದೆ, ಕೋಶಗಳು ಆಟೋಫೇಜಿಗೆ ಇಳಿಯುತ್ತವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದನ್ನು ರಾಸಾಯನಿಕದಿಂದ ತಡೆದಾಗ ಟಿಪಿಎ ಇಳುವರಿ ಹೆಚ್ಚಿತು. ಹಾಗೆಂದು ತಡೆಯುವುದೇ ಸರಿಯೆನ್ನಲಾಗದು. ಹಸಿದ ಕೋಶವನ್ನು ಬದುಕಿಸಿಡುವುದೂ ಇದೇ ಕ್ರಿಯೆ. ಯಾವ ಕೋಶ, ಯಾವ ಆಹಾರ, ಎಷ್ಟನೇ ದಿನ ಎಂದು ನೋಡಿಯೇ ನಿರ್ಧರಿಸಬೇಕು.

ನಮ್ಮ ಪಿಯುಸಿ ಪಠ್ಯದಲ್ಲಿ ಪ್ರೊಟೀನ್ ತಯಾರಿಕೆಗೆ ಪುಟಗಟ್ಟಲೆ ಜಾಗವಿದೆ. ಲೈಸೋಸೋಮಿಗೆ ಸಿಕ್ಕಿರುವುದು ಒಂದು ಚಿಕ್ಕ ಪ್ಯಾರಾ. ಜೀವಶಾಸ್ತ್ರದ ಮೇಷ್ಟ್ರುಗಳು, ಮೇಡಂಗಳು ಆ ಪ್ಯಾರಾ ಬಂದಾಗ ದಯವಿಟ್ಟು ಹತ್ತು ನಿಮಿಷ ನಿಂತು, ಇಲಿಮರಿಗಳ ಆ ಮೊದಲ ದಿನದ ಕಥೆಯನ್ನು ಮಕ್ಕಳಿಗೆ ಹೇಳಿ.