ಯಾರನ್ನ ಬಿಟ್ರಂತೆ?

2024ರ ಅಕ್ಟೋಬರ್ 31, ನರಕ ಚತುರ್ದಶಿ. ಬೆಳಿಗ್ಗೆ ಎಣ್ಣೆನೀರು, ಸಂಜೆ ಪಟಾಕಿ. ನಡುವೆ ಐಪಿಎಲ್ ಹರಾಜಿಗೆ ಮುನ್ನ ಆರ್‌ಸಿಬಿ ಉಳಿಸಿಕೊಂಡ ಆಟಗಾರರ ಪಟ್ಟಿ ಬಂತು. ವಿರಾಟ್ ಕೊಹ್ಲಿ 21 ಕೋಟಿ, ರಜತ್ ಪಾಟೀದಾರ್ 11 ಕೋಟಿ, ಯಶ್ ದಯಾಳ್ 5 ಕೋಟಿ. ಆರು ಜನರವರೆಗೆ ಉಳಿಸಿಕೊಳ್ಳುವ ಅವಕಾಶವಿದ್ದರೂ ತಂಡ ಮೂವರಿಗೇ ನಿಲ್ಲಿಸಿತ್ತು. ಏಳು ಸೀಸನ್ ಆಡಿದ್ದ ಸಿರಾಜ್ ಹೆಸರು ಅದರಲ್ಲಿರಲಿಲ್ಲ. ನಮ್ಮ ಕಡೆ ಆಮೇಲೆ ಹಬ್ಬದ ಮಾತಿಗಿಂತ ಆ ಮಾತೇ ಹೆಚ್ಚಾಯಿತು: ‘ಅಣ್ಣಾ, ಯಾರನ್ನ ಬಿಟ್ರಂತೆ?’

ಈ ಪ್ರಶ್ನೆ ಬೆಂಗಳೂರಿಗಿಂತ ಕೋಲಾರ ಜಿಲ್ಲೆಯಲ್ಲಿ ಹೆಚ್ಚು ಚುಚ್ಚುತ್ತದೆ ಎಂದು ನನಗನಿಸುತ್ತದೆ. ಕಾರಣ ನಕ್ಷೆಯಲ್ಲೇ ಇದೆ. ಮುಳಬಾಗಿಲು ದಾಟಿದರೆ ಚಿತ್ತೂರು ಸೀಮೆ, ಶ್ರೀನಿವಾಸಪುರದಿಂದ ಮೇಲಕ್ಕೆ ಹೋದರೆ ಮದನಪಲ್ಲಿ, ಮಾಲೂರಿನ ಮಗ್ಗುಲಿಗೆ ಹೊಸೂರು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಇವೆ. ಆರ್‌ಸಿಬಿ ಮೊದಲು ಸೋತ ಮೂರು ಫೈನಲ್‌ಗಳನ್ನು ನೆನೆಸಿಕೊಳ್ಳಿ. 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್, 2011ರಲ್ಲಿ ಚೆನ್ನೈ ಎದುರು 58 ರನ್, 2016ರಲ್ಲಿ ನಮ್ಮದೇ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ ಎದುರು 8 ರನ್. ಗೆದ್ದವರ ಅಭಿಮಾನಿಗಳು ಇಲ್ಲಿ ಪಕ್ಕದ ಮನೆಯಲ್ಲೇ ಇದ್ದರು. ಸೋತ ಮರುದಿನ ಬೆಂಗಳೂರಿನ ರೈಲಿನಲ್ಲಿ ಎದುರು ಸೀಟಿನಲ್ಲೂ ಅವರೇ. ಹಾಗಾಗಿ ‘ಆ ಹುಡುಗನನ್ನು ಬಿಡದೇ ಇದ್ದಿದ್ದರೆ’ ಎಂಬ ಲೆಕ್ಕ ಇಲ್ಲಿ ಹೊತ್ತು ಕಳೆಯುವ ಮಾತಾಗಿ ಉಳಿಯಲಿಲ್ಲ.

ಇದು ಶುರುವಾದದ್ದು 2011ರ ಹರಾಜಿನಲ್ಲಿ. ಮೊದಲ ಮೂರು ವರ್ಷ ಈ ತಂಡವೆಂದರೆ ದ್ರಾವಿಡ್, ಕುಂಬ್ಳೆ. ಹೊಸ ಹರಾಜಿಗೆ ಮುನ್ನ ತಂಡ ಉಳಿಸಿಕೊಂಡದ್ದು ಒಬ್ಬನೇ ಒಬ್ಬನನ್ನು: 22 ವರ್ಷದ ಕೊಹ್ಲಿ. ಕುಂಬ್ಳೆ ನಿವೃತ್ತರಾದರು, ದ್ರಾವಿಡ್ ರಾಜಸ್ಥಾನಕ್ಕೆ ಹೋದರು, ಉತ್ತಪ್ಪ ಪುಣೆಗೆ. ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನ ಎಂದು ಇವತ್ತು ಯಾರಾದರೂ ಒಪ್ಪುತ್ತಾರೆ. ದ್ರಾವಿಡ್‌ರನ್ನು ಬೇರೆ ಬಣ್ಣದ ಅಂಗಿಯಲ್ಲಿ ನೋಡಿದ ಸಂಕಟ ಮಾತ್ರ ಆ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಆಮೇಲೆ ಕೈಬಿಟ್ಟದ್ದು ಕೆ.ಎಲ್. ರಾಹುಲ್‌ರನ್ನು. 2018ರ ಹರಾಜಿನಲ್ಲಿ ಪಂಜಾಬ್ ಅವರನ್ನು 11 ಕೋಟಿಗೆ ಕೊಂಡಿತು, ಅದೇ ವರ್ಷ ಅವರು 659 ರನ್ ಹೊಡೆದರು. 2025ರ ಏಪ್ರಿಲ್ 10ರಂದು ಡೆಲ್ಲಿ ಪರವಾಗಿ ಚಿನ್ನಸ್ವಾಮಿಗೆ ಬಂದು ಔಟಾಗದೆ 93 ರನ್ ಗಳಿಸಿ ಗೆಲ್ಲಿಸಿದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ಸುತ್ತು ಗೀಚಿ, ನಡುವೆ ಬ್ಯಾಟ್ ಊರಿದರು. ‘ಕಾಂತಾರ’ ನೋಡಿದವರಿಗೆ ಅದರ ಅರ್ಥ ಹೇಳಬೇಕಿರಲಿಲ್ಲ: ಇದು ನನ್ನ ನೆಲ. ಸೋಲಿನ ನೋವಿನಲ್ಲೂ ಎದೆ ತುಂಬಿದ ರಾತ್ರಿ ಅದು.

ಎಲ್ಲಕ್ಕಿಂತ ಉರಿಯುವುದು ಚಾಹಲ್ ವಿಷಯ. ಆರ್‌ಸಿಬಿಗಾಗಿ 139 ವಿಕೆಟ್, ತಂಡದಲ್ಲಿ ಯಾರೂ ಅಷ್ಟು ತೆಗೆದಿಲ್ಲ. 2022ರ ಹರಾಜಿಗೆ ಮುನ್ನ ಬಿಟ್ಟುಕೊಟ್ಟರು. ರಾಜಸ್ಥಾನ ಆರೂವರೆ ಕೋಟಿಗೆ ಕೊಂಡಿತು, ಆ ವರ್ಷವೇ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದರು. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಪಂಜಾಬ್ 18 ಕೋಟಿ ಕೊಟ್ಟಿತು. ಟೊಮೆಟೊ ಮಂಡಿ ಕಂಡ ನಮಗೆ ಹರಾಜನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ, ಕೇಳುವವರಿಲ್ಲದೆ ಹಣ್ಣು ರಸ್ತೆಬದಿ ಸುರಿದದ್ದನ್ನೂ ನೋಡಿದ್ದೇವೆ. ಕೈಬಿಟ್ಟ ಮೇಲೆ ಬೆಲೆ ಏರಿದರೆ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ಶ್ರೀನಿವಾಸಪುರದಲ್ಲಿ ಮಾವಿನ ತೋಪನ್ನು ಹೂವಿದ್ದಾಗಲೇ ಗುತ್ತಿಗೆಗೆ ಕೊಟ್ಟವರನ್ನು ಕೇಳಿ.

ಪಟ್ಟಿಯೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎನ್ನುವವರ ಕೈಯಲ್ಲೂ ಸಾಕ್ಷಿಗಳಿವೆ. 2011ರ ಹರಾಜಿನಲ್ಲಿ ಯಾರೂ ಕೊಳ್ಳದ ಗೇಲ್, ಗಾಯಗೊಂಡ ನ್ಯಾನಸ್ ಜಾಗಕ್ಕೆ ಬಂದು 608 ರನ್ ಬಾರಿಸಿದರು. ಪಾಟೀದಾರ್ ಕೂಡ 2022ರಲ್ಲಿ ಬಿಕರಿಯಾಗಿರಲಿಲ್ಲ. ನಮ್ಮ ಲವ್ನೀತ್ ಸಿಸೋಡಿಯಾ ಗಾಯಗೊಂಡಾಗ ಕರೆ ಹೋಯಿತು, ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದರು. ಮುಂದೆ ಕಪ್ ಎತ್ತಿದ ನಾಯಕ ಅವರೇ.

ಆ ಕಪ್ ಬಂದದ್ದು 2025ರ ಜೂನ್ 3ರಂದು, ಪಂಜಾಬ್ ವಿರುದ್ಧ 6 ರನ್‌ಗಳಿಂದ. 2009ರಲ್ಲಿ ಸೋತದ್ದೂ ಅಷ್ಟೇ ರನ್ನಿಗೆ. ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರನ್ನು ನೆನೆಯದೆ ಆ ಗೆಲುವಿನ ಮಾತಾಡಲು ನನಗೆ ಈಗಲೂ ಬಾಯಿ ಬರುವುದಿಲ್ಲ.

ಆ ಫೈನಲ್‌ನಲ್ಲಿ ನಮ್ಮ ಮಯಂಕ್ ಅಗರವಾಲ್ 24 ರನ್ ಹೊಡೆದರು. ಗಾಯಗೊಂಡಿದ್ದ ಪಡಿಕ್ಕಲ್ ಬದಲಿಗೆ ಬಂದಿದ್ದರು. ಅವರನ್ನು ಔಟ್ ಮಾಡಿದ್ದು ಚಾಹಲ್. ನವೆಂಬರ್ 15ಕ್ಕೆ ಹೊಸ ಪಟ್ಟಿ ಬಂತು. ಪಡಿಕ್ಕಲ್ ಉಳಿದಿದ್ದರು, ಮಯಂಕ್ ಇರಲಿಲ್ಲ, ರಾಯಚೂರಿನ ಮನೋಜ್ ಭಾಂಡಗೆಯೂ ಇರಲಿಲ್ಲ. ಕಪ್ ಗೆದ್ದ ವರ್ಷವಾದರೂ ಜಗಳ ಹಳೆಯದೇ: ‘ಇನ್ನೊಬ್ಬ ಕನ್ನಡಿಗನಿಗೆ ಜಾಗ ಇರ್ಲಿಲ್ವಾ ಮಾಮ?’